ಆ ಐದು ದಿನ ಬಿಟ್ಟು ಸಾಯುವ ಷರತ್ತು

ಬಾಡಿಗೆ ಮನೆ ಹುಡುಕುವ ಒಂಟಿ ಹೆಂಗಸಿಗೆ ಮಾಲೀಕರು ಕೇಳುವ ಪ್ರಶ್ನೆಗಳು ಅವಳ ವಯಸ್ಸಿನ ಜೊತೆಗೇ ಬೆಳೆಯುತ್ತವೆ. ಇಪ್ಪತ್ತರಲ್ಲಿ ಹೋದರೆ ಯಾರ್ಯಾರು ಬಂದು ಹೋಗುತ್ತಾರೆ ಎಂದು ಕೇಳುತ್ತಾರೆ. ನಲವತ್ತರಲ್ಲಿ ಹೋದರೆ ಯಾಕೆ ಮದುವೆಯಾಗಲಿಲ್ಲ ಎಂದು ಕೇಳುತ್ತಾರೆ. ಎಪ್ಪತ್ತು ದಾಟಿದ ಮೇಲೆ ಏನೂ ಕೇಳುವುದಿಲ್ಲ. ಮೇಲಿಂದ ಕೆಳಗೆ ಒಮ್ಮೆ ನೋಡಿ, ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬರುತ್ತಿದೆಯೇ ಎಂದು ಗಮನಿಸಿ, "ಮನೆ ಆಗ್ಲೇ ಕೊಟ್ಬಿಟ್ವಿ" ಎನ್ನುತ್ತಾರೆ. ಗೇಟಿನ ಮೇಲೆ ಟು-ಲೆಟ್ ಬೋರ್ಡು ಮಾತ್ರ ನಾಚಿಕೆಯಿಲ್ಲದೆ ಗಾಳಿಗೆ ತೂಗಾಡುತ್ತಿರುತ್ತದೆ.

ಬಂಗಾರಪೇಟೆಯ ಗಲ್ಲಿಗಲ್ಲಿಯಲ್ಲೂ ನನಗೆ ಇದೇ ಮರ್ಯಾದೆ ಆಯಿತು. ಅದುವರೆಗೆ ನಾನು ಕೆ.ಜಿ.ಎಫ್.ನ ಉರಿಗಾಂನಲ್ಲಿ ತಂಗಿಯ ಮಗಳ ಕ್ವಾರ್ಟರ್ಸಿನಲ್ಲಿದ್ದೆ. ಒಳ್ಳೆಯ ಹುಡುಗಿ, ಅವಳ ಗಂಡನೂ ಒಳ್ಳೆಯವನು. ಆದರೆ ಮಕ್ಕಳು ದೊಡ್ಡವರಾದಂತೆ ನನ್ನ ಮಂಚ ರೂಮಿನಿಂದ ಹಾಲಿಗೆ, ಹಾಲಿನಿಂದ ಊಟದ ಟೇಬಲ್ಲಿನ ಪಕ್ಕಕ್ಕೆ ಪ್ರಯಾಣ ಮಾಡಿತು. ಮುಂದಿನ ಸ್ಟಾಪ್ ಅಡುಗೆಮನೆ ಎಂದು ತಿಳಿದಾಗ, ಫ್ರಾಂಕ್ಲಿ, ನನಗೆ ಒಂದೇ ಆಸೆ ಉಳಿಯಿತು: ನಾನೇ ಹಾಕಿ ನಾನೇ ತೆಗೆಯುವ ಚಿಲಕವಿರುವ ಒಂದು ಬಾಗಿಲು. ಒಳಗೆ ನನ್ನ ಕೆಟಲ್, ನನ್ನ ರೇಡಿಯೋ, ನನ್ನ ಗೊರಕೆ. ಅಷ್ಟೇ.

ನಮ್ಮ ಕೆ.ಜಿ.ಎಫ್. ಜನಕ್ಕೆ ಮನೆ ಮಾಲೀಕ ಎಂಬ ಪ್ರಾಣಿಯ ಅಭ್ಯಾಸವಿಲ್ಲ. ನಾನು ಹುಟ್ಟಿದ್ದು ಮೈಸೂರು ಮೈನ್ಸ್‌ನ ಗುಮಾಸ್ತರ ಸಾಲಿನಲ್ಲಿ. ಅಲ್ಲಿ ಎಲ್ಲರೂ ಬಾಡಿಗೆದಾರರೇ. ಮನೆ ಕಂಪನಿಯದು, ಗೋಡೆ ಕಂಪನಿಯದು, ನೆಲದ ಕೆಳಗಿನ ಚಿನ್ನವೂ ಕಂಪನಿಯದು. ಇದರಿಂದ ಒಂದು ದೊಡ್ಡ ಅನುಕೂಲವಿತ್ತು. "ನಮ್ಮ ಮನೆ" ಎಂದು ಯಾರೂ ಜಂಬ ಕೊಚ್ಚುವ ಹಾಗಿರಲಿಲ್ಲ. ಅನಾನುಕೂಲಗಳೂ ಇದ್ದವು. ಗಾಳಿಗಾಲದಲ್ಲಿ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಬಿಳಿ ಧೂಳು ಬಂದು ಇಡ್ಲಿಯ ಮೇಲೆ ಕೂರುತ್ತಿತ್ತು. ಗೋಡೆ ಎಷ್ಟು ತೆಳುವೆಂದರೆ ಪಕ್ಕದ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನುತ್ತಿದ್ದೆವು. ಕೆಲವೊಮ್ಮೆ ಭೂಮಿಯ ಆಳದಲ್ಲಿ ಬಂಡೆ ಸಿಡಿದು, ಮೇಲೆ ನಮ್ಮ ಶೆಲ್ಫಿನ ಪಾತ್ರೆಗಳೆಲ್ಲ ದಡದಡನೆ ಉರುಳುತ್ತಿದ್ದವು. ಅಮ್ಮ ಮೊದಲು ಹಾಲಿನ ಪಾತ್ರೆಯನ್ನು ಹಿಡಿಯುತ್ತಿದ್ದಳು, ಆಮೇಲೆ ದೇವರನ್ನು ನೆನೆಯುತ್ತಿದ್ದಳು. ಸಾಲಿನ ಹೆಂಗಸರೆಲ್ಲ ಹೊರಗೆ ಬಂದು, ಕೆಳಗೆ ಇಳಿದವರು ಮೇಲೆ ಬರುವವರೆಗೆ ಮಾತಿಲ್ಲದೆ ನಿಂತಿರುತ್ತಿದ್ದರು. ಸಾವು ನಮ್ಮ ಬೀದಿಯಲ್ಲಿ ಯಾವಾಗಲೂ ಇತ್ತು. ಆದರೆ ಅದು ಯಾವ ನಕ್ಷತ್ರದಲ್ಲಿ ಬಂತು ಎಂದು ಕೇಳಿ ಕ್ವಾರ್ಟರ್ಸಿಗೆ ಬೀಗ ಹಾಕಿದ್ದನ್ನು ನಾನು ಕಂಡಿರಲಿಲ್ಲ.

ಆ ಜ್ಞಾನ ನನಗೆ ಬಂದದ್ದು ಬಂಗಾರಪೇಟೆಯಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ಮನೆಯಲ್ಲಿ. ಮೇಲೆ ಮಾಲೀಕರ ಕುಟುಂಬ, ಕೆಳಗೆ ಬೀದಿಗೆ ಬಾಗಿಲಿರುವ ಒಂದು ರೂಮು-ಅಡುಗೆಮನೆ, ಹಿಂದೆ ಅವರ ಹಸುಗಳ ಕೊಟ್ಟಿಗೆ. ಊರಾಚೆ ಹೊಲ ಇರುವ, ಹಾಲು ಹಾಕುವ ಜನ. ಮಾಲೀಕನ ಹೆಂಡತಿ, ಬೀದಿಯವರ ಬಾಯಲ್ಲಿ ಓನರಮ್ಮ, ನನ್ನನ್ನು ಮನೆಯೊಳಗೆ ಕೂರಿಸಿ ಕಾಫಿ ಕೊಟ್ಟಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

"ಶುಗರ್ ಐತಾ ಮೇಡಮ್ಮಾರೆ?"

"ಇಲ್ಲ."

"ಬಿ.ಪಿ.?"

"ನಿಮ್ಮ ಜೊತೆ ಮಾತಾಡ್ತಾ ಇದ್ದರೆ ಬರಬಹುದು."

ಅವಳು ನಗಲಿಲ್ಲ. ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಅದರಲ್ಲಿ ಒಂದಿಷ್ಟು ದಿನಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿತ್ತು. "ನೋಡಿ, ನಾನು ಮುಚ್ಚುಮರೆ ಇಲ್ದೆ ಏಳ್ತೀನಿ. ವಯಸ್ಸಾದವ್ರಿಗೆ ಯಾಕ್ ಮನೆ ಕೊಡಲ್ಲ ಗೊತ್ತಾ? ಧನಿಷ್ಠಾ ಪಂಚಕ. ತಿಂಗ್ಳಿಗ್ ಐದ್ ದಿನ ಬತ್ತದೆ. ಆ ನಕ್ಷತ್ರದಾಗ್ ಯಾರಾದ್ರೂ ತೀರಿ ಓದ್ರೆ ಆ ಮನೆ ಬುಡ್ಬೇಕು. ಬಾಗ್ಲಿಗೆ ಮುಳ್ಳು ಬಡ್ದು ಆರ್ ತಿಂಗ್ಳು ಬೀಗ. ದೀಪ ಅಚ್ಚೋ ಅಂಗಿಲ್ಲ, ಒಲೆ ಅಚ್ಚೋ ಅಂಗಿಲ್ಲ."

"ಅಂದರೆ ನಾನು ಆ ಐದು ದಿನ ಬಿಟ್ಟು ಸಾಯಬೇಕು."

"ಥೂ, ಬುಡ್ತು ಅನ್ನಿ. ನೂರ್ ವರ್ಷ ಬಾಳಿ. ಆ ಐದ್ ದಿನ ಮಾತ್ರ ಉರಿಗಾಂಗೆ ಓಗಿ ಬಾಳಿ, ಅಷ್ಟೆ."

ಇದು ಷರತ್ತು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್‌ಗಳು ದಿನಾ ಸಂಜೆ ಒಳ್ಳೆಯ ಸಾವಿಗಾಗಿ ಪ್ರಾರ್ಥನೆ ಮಾಡಿಸುತ್ತಿದ್ದರು. ಹಿಂದೂ ಹುಡುಗಿಯರಾದ ನಾವೂ ಮಂಡಿಯೂರಿ, ಒಂದು ಕಣ್ಣು ತೆರೆದು, ಆಮೆನ್ ಎನ್ನುತ್ತಿದ್ದೆವು. ಆದರೆ ಯಾವ ತಾರೀಖು ಎಂದು ಅವರು ಸ್ಪೆಸಿಫೈ ಮಾಡುತ್ತಿರಲಿಲ್ಲ. ನಾನು ಓನರಮ್ಮನ ಷರತ್ತಿಗೆ ಒಪ್ಪಿದೆ. ಅದಕ್ಕೆ ಬದಲಾಗಿ ಚಿಲಕವಿದ್ದ ಬಾಗಿಲು ಸಿಗುವುದಾದರೆ ನಾನು ಅಮಾವಾಸ್ಯೆ, ಗ್ರಹಣ, ಎಲೆಕ್ಷನ್ ದಿನ, ಯಾವುದರಲ್ಲೂ ಸಾಯುವುದಿಲ್ಲ ಎಂದು ಬರೆದುಕೊಡುತ್ತಿದ್ದೆ.

ಹಾಲು ಉಕ್ಕಿಸಿ ಒಳಗೆ ಹೋದೆ. ಹಾಲು ಅವರ ಕೊಟ್ಟಿಗೆಯದೇ.

ಆ ಮನೆಯಲ್ಲಿ ಇಷ್ಟವಾದದ್ದು ಬಹಳ. ಬೆಳಗ್ಗೆ ರೈಲಿಗೆ ಓಡುವವರು ಬಾಯಲ್ಲಿ ಅರ್ಧ ದೋಸೆ ಇಟ್ಟುಕೊಂಡು ನನ್ನ ಬಾಗಿಲ ಮುಂದೆ ಓಡುತ್ತಿದ್ದರು. ಎಲ್ಲಿಗೂ ಓಡಬೇಕಿಲ್ಲದ ನಾನು ಕೆಟಲ್ ಹಿಡಿದು ನಿಂತು ನೋಡುತ್ತಿದ್ದೆ. ಈ ಸುಖಕ್ಕೆ ಬಾಡಿಗೆ ಜಾಸ್ತಿ ಕೇಳಿದರೂ ಅನ್ಯಾಯವಲ್ಲ. ಸಂಜೆ ನಾಲ್ಕು ಹೆಜ್ಜೆ ಹಾಕಿದರೆ ಪಾನಿಪೂರಿ ಗಾಡಿ. ಬಂಗಾರಪೇಟೆಯ ಪಾನಿ ನೋಡಲು ಬರೀ ನೀರಿನ ಹಾಗೆ ತಿಳಿ, ಕುಡಿದರೆ ಕಿವಿಯಲ್ಲಿ ಹೊಗೆ. ಇನ್ನು ಇಷ್ಟವಾಗದ್ದು: ನೀರಿನ ಮೋಟರ್. ಮೋಟರ್ ಹಾಕುವ ಹೊತ್ತನ್ನು ಓನರಮ್ಮ ಮುಹೂರ್ತದಂತೆ ಇಡುತ್ತಿದ್ದಳು. ನಾನು ಎರಡನೇ ಬಕೆಟ್ ಹಿಡಿದರೆ ಮೇಲಿಂದ, "ಒಂದೇ ಮನೆಯವ್ರ ಥರ ಇದೀವಿ, ನೀರು ನೋಡ್ಕೊಂಡ್ ಬಳಸ್ಬೇಕು" ಎಂಬ ವಾಣಿ ಕೇಳಿಸುತ್ತಿತ್ತು. ಆಮೇಲೆ ಸೊಳ್ಳೆ. ಕೊಟ್ಟಿಗೆಯ ಸೊಳ್ಳೆಗಳು ಹಸುವಿಗೂ ಬಾಡಿಗೆದಾರಳಿಗೂ ಭೇದ ಮಾಡುತ್ತಿರಲಿಲ್ಲ.

ಎಲ್ಲಕ್ಕಿಂತ ಇಷ್ಟವಾಗದ್ದು ಪಂಚಕ. ತಿಂಗಳಿಗೊಮ್ಮೆ ಓನರಮ್ಮ ಬಾಗಿಲಿಗೆ ಬಂದು, "ಮೇಡಮ್ಮಾರೆ, ನಾಳೆಯಿಂದ" ಎನ್ನುತ್ತಿದ್ದಳು. ನಾನು ಬ್ಯಾಗು ಹಿಡಿದು ಬಸ್ ಹತ್ತಬೇಕು. ನನ್ನ ಅಮ್ಮನನ್ನು ಅಜ್ಜಿ ತಿಂಗಳ ಮೂರು ದಿನ ಹೊರಗೆ ಕೂರಿಸುತ್ತಿದ್ದದ್ದು ನೆನಪಾಗುತ್ತಿತ್ತು. ನನ್ನ ದೇಹ ಆ ತಾಪತ್ರಯವನ್ನು ಮುಗಿಸಿ ಎಷ್ಟೋ ಕಾಲವಾಯಿತು. ಮುದುಕಿಯಾದ ಮೇಲೆ ಮತ್ತೆ ತಿಂಗಳು ತಿಂಗಳು ಹೊರಗೆ! ಉರಿಗಾಂನಲ್ಲಿ ತಂಗಿಯ ಮಗಳ ಗಂಡ, ಅರ್ಧ ತಮಿಳು ಅರ್ಧ ಕನ್ನಡದವನು, ಗೇಟಿನಲ್ಲೇ ನಕ್ಕು, "ವಾಂಗ ದೊಡ್ಡಮ್ಮ, ಸ್ಟಾರ್ ಸರಿ ಇಲ್ಲವಾ?" ಎನ್ನುತ್ತಿದ್ದ. "ನಿನ್ನ ಮನೇಲಿ ಸಾಯೋಕೆ ಬಂದಿದೀನಿ, ಬ್ಯಾಗು ತಗೋ" ಎನ್ನುತ್ತಿದ್ದೆ. ಅವನು ಬ್ಯಾಗು ತೆಗೆದುಕೊಳ್ಳುತ್ತಿದ್ದ. ಊಟದ ಟೇಬಲ್ಲಿನ ಪಕ್ಕದಲ್ಲಿ ನನ್ನ ಮಂಚ ಹಾಗೇ ಇರುತ್ತಿತ್ತು. ಅದನ್ನು ಕಂಡರೆ ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು, ಭಯವೂ ಆಗುತ್ತಿತ್ತು. ಆ ಬೀದಿ ಬಾಗಿಲು ಕೈತಪ್ಪಿದರೆ ನಾನು ವಾಪಸು ಬರಬೇಕಾದದ್ದು ಇಲ್ಲಿಗೇ.

ಕೆಲವೊಮ್ಮೆ ಮಂಡಿನೋವು ಎಂದು ನೆಪ ಹೇಳಿ ಹೋಗದೆ ಉಳಿಯುತ್ತಿದ್ದೆ. ಆಗ ಓನರಮ್ಮನಿಗೆ ನಿದ್ದೆಯಿಲ್ಲ. ಬೆಳಕು ಹರಿಯುವ ಮೊದಲೇ ಕಷಾಯ ಹಿಡಿದು ಬಂದು ಬಾಗಿಲು ಬಡಿಯುತ್ತಿದ್ದಳು.

"ಮೇಡಮ್ಮಾರೆ, ಇದೀರಾ?"

ಎಲ್ಲಿದ್ದೀರಾ ಅಲ್ಲ, ಹೇಗಿದ್ದೀರಾ ಅಲ್ಲ. ಇದೀರಾ. ನಾನು ಕಂಪನಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಜೀವನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಲೈನಿನ ಆ ಕಡೆ ಜೀವ ಇದೆಯೇ ಎಂದು ಕೇಳಿದ್ದು ನಾನು. ಈಗ ನನ್ನನ್ನೇ ಕೇಳುತ್ತಿದ್ದರು. "ಆನ್ ದಿ ಲೈನ್" ಎಂದು ಒಳಗಿನಿಂದ ಕೂಗುತ್ತಿದ್ದೆ. ಅದರ ಅರ್ಥ ಅವಳಿಗೆ ಗೊತ್ತಿರಲಿಲ್ಲ, ಧ್ವನಿ ಬಂದರೆ ಸಾಕಿತ್ತು.

ಹೀಗೆ ಒಂದು ಪಂಚಕದ ಹಿಂದಿನ ದಿನ ಓನರಮ್ಮ ಬಂದಳು. ಜೊತೆಗೆ ಅವಳ ಗಂಡನೂ ಇದ್ದ. ಹಸುಗಳ ಜೊತೆ ಚೆನ್ನಾಗಿ ಮಾತಾಡುವ, ಮನುಷ್ಯರ ಮುಂದೆ ಕಾಲಿನ ಹೆಬ್ಬೆರಳು ನೋಡಿಕೊಂಡು ನಿಲ್ಲುವ ಸಾಧು ಮನುಷ್ಯ. ಅವನ ತಾಯಿ, ನಾನು ಮುಖವನ್ನೇ ನೋಡಿರದ ಅಜ್ಜಿ, ಮೇಲಿನ ಮನೆಯ ಹಿಂದಿನ ರೂಮಿನಲ್ಲಿ ಇದ್ದರು. ಕೆಮ್ಮು ಮಾತ್ರ ನನಗೆ ಪರಿಚಯವಿತ್ತು.

"ಅತ್ತೆ ಊಟ ಬುಟ್ಟವ್ರೆ" ಎಂದಳು ಓನರಮ್ಮ. "ಡಾಕ್ಟ್ರು ವಯಸ್ಸಾಯ್ತು, ಮನೇಲೇ ಇಟ್ಕೊಳಿ ಅಂದ್ರು. ಈ ಸಲ ಉಳಿಯಂಗ್ ಕಾಣಲ್ಲ. ನಾಳೆ ಧನಿಷ್ಠ ಬೇರೆ."

"ಪಾಪ. ನಾನು ಮೇಲೆ ಬಂದು ನೋಡಲಾ?"

"ನೀವ್ ಬರೋದ್ ಬ್ಯಾಡ. ಅವ್ರನ್ನೇ ನಿಮ್ ಮನೇಗ್ ಇಳಿಸ್ತೀವಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೇಲಿನ ಮನೆಯಲ್ಲಿ ಮಗಳ ಮದುವೆ ಗೊತ್ತಾಗಿತ್ತು. ದೇವರ ಕೋಣೆ ಇತ್ತು, ಹೊಸ ಟೈಲ್ಸ್ ಇತ್ತು. ಅದಕ್ಕೆ ಆರು ತಿಂಗಳು ಬೀಗ ಹಾಕುವುದುಂಟೇ? ಜೋಯಿಸರನ್ನು ಕೇಳಿದ್ದರಂತೆ. ಹೊಸ್ತಿಲು ಬೇರೆ, ಒಲೆ ಬೇರೆ ಇದ್ದರೆ ಮನೆಯೂ ಬೇರೆಯೇ ಎಂದರಂತೆ.

"ನೀರಿನ ವಿಷಯಕ್ಕೆ ಒಂದೇ ಮನೆ, ಸಾವಿನ ವಿಷಯಕ್ಕೆ ಬೇರೆ ಮನೆನಾ?" ಎಂದೆ.

ಮಾಲೀಕ ಹೆಬ್ಬೆರಳನ್ನು ಇನ್ನಷ್ಟು ಗಮನವಿಟ್ಟು ನೋಡಿದ.

"ಏನಾರ ಆದ್ರೆ ಈ ಮನೆಗೆ ಬೀಗ ಆಕ್ತೀವಿ" ಎಂದಳು ಓನರಮ್ಮ, ತರಕಾರಿ ಲೆಕ್ಕ ಹೇಳುವಷ್ಟು ಸಲೀಸಾಗಿ. "ನಿಮ್ಗೆ ನಾನೇ ಬೇರೆ ಮನೆ ನೋಡ್ಕೊಡ್ತೀನಿ. ನೀವ್ ಎಂಗೂ ನಾಳೆ ಉರಿಗಾಂಗ್ ಓಗ್ತೀರಲ್ಲ."

ಎಪ್ಪತ್ತು ದಾಟಿದವಳಿಗೆ ಈ ಊರಿನಲ್ಲಿ ಬೇರೆ ಮನೆ! ಹೋದರೆ ಮುಗಿಯಿತು, ನನ್ನ ಕೆಟಲ್ ಒಳಗೆ, ನಾನು ಹೊರಗೆ. ಬಾಡಿಗೆದಾರರಿಗೆ ಒಂದೇ ಒಂದು ಶಾಸ್ತ್ರ ಗೊತ್ತಿರಬೇಕು: ಗಲಾಟೆ ಇರುವಾಗ ಮನೆ ಬಿಟ್ಟು ಕದಲಬಾರದು. "ಅಜ್ಜೀನ ತನ್ನಿ, ಬೇಡ ಅನ್ನಲ್ಲ" ಎಂದೆ. "ಆದರೆ ನಾನು ಹೋಗಲ್ಲ."

ಓನರಮ್ಮ ಗಂಡನ ಮುಖ ನೋಡಿದಳು. "ಇಬ್ರೂ ಒಂದೇ ಕಡೆನಾ?" ಎಂದಳು ಮೆಲ್ಲಗೆ.

ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿ, ನನ್ನ ಮಂಚದ ಮೇಲೆ ಮಲಗಿಸಿದರು. ಒಣಗಿದ ಅವರೆ ಬಳ್ಳಿಯಂಥ ಮೈ, ಮುಚ್ಚಿದ ಕಣ್ಣು. ಎಲ್ಲರೂ ಒಬ್ಬೊಬ್ಬರಾಗಿ ಬಾಯಿಗೆ ನೀರು ಬಿಟ್ಟು, ಕಣ್ಣೊರೆಸಿಕೊಂಡು, ಹಾಲು ಕರೆಯುವ ಹೊತ್ತಾಯಿತು ಎಂದು ಹೋದರು. ನಾನು ಗಂಜಿ ಮಾಡಿ ಚಮಚ ಹಿಡಿದೆ. ಬಾಯಿ ತೆರೆಯಲಿಲ್ಲ. ಸೆಕೆ ಎಂದು ಬೀದಿ ಬಾಗಿಲು ತೆರೆದಿಟ್ಟು ರೇಡಿಯೋ ಸಣ್ಣಗೆ ಹಾಕಿ ಕೂತೆ. ಹೂವಿನವಳು ಕೂಗುತ್ತಾ ಹೋದಳು. ಆಟೋದವನೊಬ್ಬ ಮತ್ತೊಬ್ಬನ ವಂಶವನ್ನು ತೆಲುಗಿನಲ್ಲಿ ವಿಚಾರಿಸಿದ.

ಮಂಚದಿಂದ ಒಂದು ದನಿ ಬಂತು. "ಆ ಊವಿನೋಳು ಯಾರ್ ಸೊಸೆ?"

ನಾನು ರೇಡಿಯೋ ಆರಿಸಿದೆ. "ಗೊತ್ತಿಲ್ಲ ಅಜ್ಜಿ."

"ಬಾಗ್ಲಾಗೇ ಇದ್ಕಂಡು ಗೊತ್ತಿಲ್ಲ ಅಂತೀಯಲ್ಲಮ್ಮಾಯಿ. ಕರಿ ಇತ್ಲಾಗ."

ನನ್ನನ್ನು ಅಮ್ಮಾಯಿ, ಹುಡುಗಿ, ಎಂದು ಕರೆದು ಎಷ್ಟು ಕಾಲವಾಗಿತ್ತೋ! ಎದ್ದು ಹೋಗಿ ಹೂವಿನವಳನ್ನು ಕರೆತಂದೆ. ಅಜ್ಜಿ ಮಲಗಿದಲ್ಲಿಂದಲೇ ಅವಳ ತವರು, ಅತ್ತೆ, ಎಮ್ಮೆ, ಮೈದುನನ ಕುಡಿತ ಎಲ್ಲವನ್ನೂ ವಿಚಾರಿಸಿ ಮುಗಿಸುವಷ್ಟರಲ್ಲಿ ಅರ್ಧ ಬಟ್ಟಲು ಗಂಜಿ ಹೊಟ್ಟೆಗೆ ಹೋಗಿತ್ತು.

ಮೇಲಿನ ಮನೆ ಕಟ್ಟಿದಾಗಿನಿಂದ ಅವರು ಕೆಳಗೆ ಇಳಿದಿರಲಿಲ್ಲವಂತೆ. ಮಂಡಿಗೆ ಮೆಟ್ಟಿಲು ಆಗದು. ಮೊದಲು ಇದೇ ಜಾಗದಲ್ಲಿ ಹೆಂಚಿನ ಮನೆ ಇತ್ತು, ಬಾಗಿಲಲ್ಲಿ ಕೂತರೆ ಊರೆಲ್ಲ ಕಾಣುತ್ತಿತ್ತು. ಬಾಡಿಗೆ ಬರಲಿ ಎಂದು ಕೆಳಗಿನದನ್ನು ನನ್ನಂಥವರಿಗೆ ಬಿಟ್ಟು ಮನೆಯವರು ಮೇಲೇರಿದರು. "ನನ್ ರೂಮ್ ಕಿಟ್ಕೀಲಿ ನೀರಿನ್ ಟ್ಯಾಂಕು ಕಾಣ್ತದೆ. ಅದ್ರಾಚೆ ಆಕಾಶ" ಎಂದರು ಅಜ್ಜಿ. "ಆಕಾಶದ್ ತಾವ ನಾನೇನ್ ಮಾತಾಡ್ಲಿ? ಅದ್ಕೇ ಉಣ್ಣೋದ್ ಬುಟ್ಟೆ."

ಮಾರನೆಯ ದಿನ ಎಲೆ ಅಡಿಕೆ ಕೇಳಿದರು. ಕುಟ್ಟಿ ಕೊಟ್ಟೆ. ಕಣ್ಣೀರಿಗೆ ಸಿದ್ಧವಾಗಿ ಸೆರಗು ಹಿಡಿದು ಬಂದ ಓನರಮ್ಮ, ಬಾಯಿ ಕೆಂಪಾಗಿಸಿಕೊಂಡು ದಿಂಬಿಗೆ ಒರಗಿದ್ದ ಅತ್ತೆಯನ್ನು ಕಂಡು ನಿಂತುಬಿಟ್ಟಳು.

"ಅತ್ತೆ, ಡಾಕ್ಟ್ರು ಎಲೆ ಅಡ್ಕೆ ಬ್ಯಾಡ ಅಂದವ್ರೆ."

"ಸಾಯಾಕ್ ತಂದ್ ಮಲಗ್ಸಿದೀಯ. ಇನ್ನ ಎಲೆ ಅಡ್ಕೆ ಏನ್ ಮಾಡ್ತದೆ ಓಗೇ."

ಐದು ದಿನ ಕಳೆದವು. ಅಷ್ಟೂ ದಿನ, ಅಜ್ಜಿ ಒಂದು ನಿದ್ದೆ ಜಾಸ್ತಿ ಮಾಡಿದರೂ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಅವರ ಉಸಿರಿನ ಮೇಲೆ ನನ್ನ ಬಾಗಿಲು ನಿಂತಿತ್ತು. ಕಡೆಗೆ ಕಷಾಯದ ಬದಲು ಸ್ವೀಟು ಹಿಡಿದು ಬಂದ ಓನರಮ್ಮ, ಗಂಡನಿಗೆ ಕುರ್ಚಿ ತರಲು ಹೇಳಿದಳು. ಅಜ್ಜಿ ಮಂಚದ ಸರಳು ಹಿಡಿದುಕೊಂಡರು.

"ನಾನ್ ಬರಾಕಿಲ್ಲ. ಆ ಟ್ಯಾಂಕಿನ್ ತಾವ ನೀವೇ ಓಗಿ ಕೂತ್ಕಳಿ."

"ಮೇಡಮ್ಮಾರಿಗೆ ತೊಂದ್ರೆ ಆತದೆ ಅವ್ವ" ಎಂದ ಮಗ, ನನ್ನ ಮುಂದೆ ಮೊದಲ ಬಾರಿಗೆ ಬಾಯಿಬಿಟ್ಟು.

ನಿಜ ಹೇಳಬೇಕೆಂದರೆ ಆಗುತ್ತಿತ್ತು. ಚಿಲಕವಿರುವ ಬಾಗಿಲು ಬೇಕೆಂದು ಬಂದವಳು ನಾನು. ಅಜ್ಜಿ ಬಂದಾಗಿನಿಂದ ಅದು ಮುಚ್ಚಿದ್ದೇ ಇಲ್ಲ. ಮಂಚ ಅವರದು, ಗೊರಕೆ ನನ್ನದಕ್ಕಿಂತ ಜೋರು. ನನ್ನ ಉಪ್ಪಿಟ್ಟನ್ನು ಕೋಳಿಗೆ ಹಾಕು ಎನ್ನುತ್ತಿದ್ದರು. ಆದರೂ ನನ್ನ ಬಾಯಿಂದ ಬಂದದ್ದು, "ಇರಲಿ ಬಿಡಿ." ಯಾಕೆ ಹಾಗಂದೆನೋ. ಎಕ್ಸ್‌ಚೇಂಜಿನಲ್ಲಿ ಊರವರ ಮಾತನ್ನೆಲ್ಲ ಜೋಡಿಸಿ, ನನ್ನ ಲೈನು ಕಳಚಿಕೊಂಡು ಸುಮ್ಮನೆ ಕೂತು ಕೂತು ಅಭ್ಯಾಸವಾಗಿದ್ದ ಕಿವಿ ಅದು. ಎದುರಿಗೇ ಕೂತು ಬೈಯುವ ಒಂದು ಗಂಟಲು ಸಿಕ್ಕಿದ್ದು ಅದಕ್ಕೆ ಹಿತವಾಗಿತ್ತೇನೋ.

ನನಗೊಂದು ಮಡಚುವ ಮಂಚ ಬಂತು. ಮೋಟರ್ ಹಾಕಿದಾಗ ಎರಡನೇ ಬಕೆಟ್ಟಿಗೆ ಯಾವ ವಾಣಿಯೂ ಕೇಳಿಸಲಿಲ್ಲ. ಅದು ಈಗ ಅತ್ತೆಯ ಬಕೆಟ್.

ಮುಂದಿನ ಪಂಚಕ ಬಂತು. ಓನರಮ್ಮ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಂಡಳು. "ಅತ್ತೆ ಒಬ್ರಾದ್ರೆ ದೇವ್ರು ದೊಡ್ಡೋನು. ನೀವಾದ್ರೂ ಉರಿಗಾಂಗ್ ಓಗ್ಬನ್ನಿ ಮೇಡಮ್ಮಾರೆ. ಏನಾರ ಆಗಿ ಬೀಗ ಬಿತ್ತೂಂದ್ರೆ ಇಬ್ರಿಗೂ ಮನೆ ಇರಲ್ಲ." ಅವಳು ಹೇಳಿದ್ದು ನಿಜವಾಗಿತ್ತು. ನನ್ನ ನಕ್ಷತ್ರ ಕೆಟ್ಟರೆ ಅಜ್ಜಿ ಮತ್ತೆ ಟ್ಯಾಂಕಿನ ಪಕ್ಕಕ್ಕೆ. ಅಜ್ಜಿಯದು ಕೆಟ್ಟರೆ ನಾನು ಊಟದ ಟೇಬಲ್ಲಿನ ಪಕ್ಕಕ್ಕೆ.

ಅವಳು ಹೋದ ಮೇಲೆ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಯೋಚಿಸಿದರು. "ಅಮ್ಮಾಯಿ, ಒಸ್ಲು ಒಳಗ್ ಓದ್ರೆ ತಾನೇ ಮನೆಗೆ ಸೂತ್ಕ? ಒಸ್ಲಾಚೆ ಜಗ್ಲಿ ಮೇಲ್ ಓದ್ರೆ ಅದು ಬೀದಿ ಲೆಕ್ಕ. ಬೀದಿಗ್ ಯಾರ್ ಬೀಗ ಆಕ್ತಾರೆ?"

"ಹೊತ್ತು ನೋಡಿ ಎದ್ದು ಹೋಗಿ ಜಗಲಿ ಮೇಲೆ ಮಲಗೋಕಾಗತ್ತಾ ಅಜ್ಜಿ?"

"ಮಲಗೋದ್ಯಾಕೆ? ಈ ಐದ್ ದಿನ ಮಂಚ ಬ್ಯಾಡ, ಇಬ್ರಿಗೂ ಚಾಪೆ. ಯಾರು ಮೊದ್ಲು ಜಾರ್ಕಂತಾರೋ ಅವ್ರನ್ನ ಉಳ್ದೋರು ಚಾಪೆ ಸಮೇತ ಎಳ್ದು ಆಚೆ ಆಕೋದು. ಆಮ್ಯಾಕೆ ಕೂಗ್ಕಳೋದು. ಜಗ್ಲೀಲೇ ಓದ್ರು ಅನ್ನು. ಯಾರ್ ನೋಡವ್ರೆ?"

ಸಿಸ್ಟರ್‌ಗಳು ಕೇಳಿದ್ದರೆ ಇದು ಸುಳ್ಳು, ಪಾಪ ಎನ್ನುತ್ತಿದ್ದರು. ನನಗೆ ಬಂದ ಅನುಮಾನ ಬೇರೆ. ನಾನು ಎಳೆಯಬಲ್ಲೆನೇ? ಅಜ್ಜಿ ನನ್ನನ್ನು ಎಳೆಯಬಲ್ಲರೇ?

"ನೋಡೇಬುಡಾಣ ಬಾ" ಎಂದರು ಅಜ್ಜಿ. ಮಂಚದಿಂದ ಇಳಿದು, ಈಚಲು ಚಾಪೆಯ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ, ಕೈಯೆರಡನ್ನೂ ಎದೆಯ ಮೇಲಿಟ್ಟುಕೊಂಡರು. ಮಧ್ಯಾಹ್ನದ ಹೊತ್ತು, ಬೀದಿ ನಿದ್ದೆಯಲ್ಲಿತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಚಾಪೆಯ ಎರಡು ಮೂಲೆ ಹಿಡಿದು ಹಿಂದಕ್ಕೆ ಹೆಜ್ಜೆ ಇಟ್ಟೆ. ಸುಲಭವಾಗಿ ಬಂತು. ಹೊಸ್ತಿಲ ಹತ್ತಿರ ಬಂದಾಗ ಚಾಪೆ ಸಿಕ್ಕಿಹಾಕಿಕೊಂಡಿತು. "ಎಳೀ ಅಮ್ಮಾಯಿ, ಎಳೀ" ಎಂದಿತು ಹೆಣ. ನಾನು ಜಗಲಿಯ ಮೇಲೆ ಕಾಲೂರಿ ಇನ್ನೊಮ್ಮೆ ಎಳೆದೆ. ಅಜ್ಜಿಯ ತಲೆ ಹೊಸ್ತಿಲಾಚೆ, ಕಾಲು ಈಚೆ.

ಆಗ ಮೆಟ್ಟಿಲ ಕೆಳಗೆ ಲೋಟ ಬಿದ್ದ ಸದ್ದಾಯಿತು.

ಓನರಮ್ಮ ಗೋಡೆ ಹಿಡಿದು ನಿಂತಿದ್ದಳು. ಕಷಾಯ ಅವಳ ಪಾದದ ಮೇಲೆ ಹರಿಯುತ್ತಿತ್ತು. ಕಣ್ಣು ಅತ್ತೆಯ ತಲೆಯನ್ನು ನೋಡಿತು, ಕಾಲನ್ನು ನೋಡಿತು, ನಡುವೆ ಹೊಸ್ತಿಲನ್ನು ನೋಡಿತು.

ಅಜ್ಜಿ ಒಂದು ಕಣ್ಣು ತೆರೆದರು. "ಬಿದ್ದಿದ್ದು ಕಷಾಯ ತಾನೆ? ಒಳ್ಳೇದಾತು. ಕಾಫಿ ತಗಂಬಾ."

ಓನರಮ್ಮ ಮೆಟ್ಟಿಲ ಮೇಲೆ ಕೂತಳು. ನಾನು ಚಾಪೆ ಬಿಟ್ಟು ಪಕ್ಕದಲ್ಲಿ ಕೂತು, ಬೇರೆ ದಾರಿ ಕಾಣದೆ, ನಮ್ಮ ಏರ್ಪಾಡನ್ನು ಹೇಳಿದೆ. ಮನೆ ಖಾಲಿ ಮಾಡಿ ಎನ್ನುವ ಮಾತನ್ನು ಕಾಯುತ್ತಾ ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಎದ್ದು ಬಂದು, ಹೊಸ್ತಿಲಿಗೆ ಸಿಕ್ಕಿಕೊಂಡಿದ್ದ ಈಚಲು ಗರಿಯನ್ನು ಬೆರಳಿನಿಂದ ಬಿಡಿಸಿದಳು.

"ಇದು ಇಂಗೇ ತಗಲ್ಕಂತದೆ" ಎಂದಳು. "ಮ್ಯಾಲೆ ಪ್ಲಾಸ್ಟಿಕ್ ಚಾಪೆ ಐತೆ. ಅದಾದ್ರೆ ಜಾರ್ತದೆ. ತತ್ತೀನಿ ಇರಿ."